ಕಾರ್ಡಿನ ಮೇಲಿನ ದೊಡ್ಡ ಸಂಖ್ಯೆಯನ್ನು ಎಷ್ಟು ನಂಬಬೇಕು?

ಪ್ರಶ್ನೆ: ನನ್ನ ಮಗನ ಬಳಿ 2017ರಲ್ಲಿ ಬಂದ ಮೊದಲ ಮಾದರಿಯ ನಿಂಟೆಂಡೊ ಸ್ವಿಚ್ ಎಂಬ ವಿಡಿಯೊ ಗೇಮ್ ಸಾಧನವಿದೆ. ಅದರೊಳಗಿನ 32 ಜಿಬಿ ಜಾಗ ತುಂಬಿರುವುದರಿಂದ ಮೈಕ್ರೊ ಎಸ್‌ಡಿ ಕಾರ್ಡ್ ಕೊಳ್ಳಲು ಮೈಸೂರಿನ ದೇವರಾಜ ಅರಸು ರಸ್ತೆಗೆ ಹೋಗಿದ್ದೆ. ಅಂಗಡಿಯವರು 128 ಜಿಬಿಯ ಎರಡು ಕಾರ್ಡ್ ತೋರಿಸಿದರು. ಒಂದರ ಮೇಲೆ 100 ಎಂದೂ ಇನ್ನೊಂದರ ಮೇಲೆ 170 ಎಂದೂ ಮುದ್ರಿಸಿದೆ. ಎರಡನೆಯದರ ಬೆಲೆ ಹೆಚ್ಚುಕಡಿಮೆ ಇಮ್ಮಡಿ. ಅದನ್ನೇ ಕೊಂಡರೆ ಆಟ ಬೇಗ ತೆರೆದುಕೊಳ್ಳುತ್ತದೆಯೇ?
— ಮಂಡ್ಯದ ಓದುಗರೊಬ್ಬರು

ಉತ್ತರ: ಇಲ್ಲ, ನೂರರ ಕಾರ್ಡೇ ಸಾಕು. ನಿಮ್ಮ ಊರಿನವರಿಗೆ ಇದನ್ನು ತಿಳಿಸುವುದು ಸುಲಭ: ವಿಶ್ವೇಶ್ವರಯ್ಯ ನಾಲೆ ತುಂಬಿ ಹರಿಯುತ್ತಿದ್ದರೂ ತೂಬು ಎಷ್ಟು ಅಗಲವಿದೆಯೋ ಅಷ್ಟೇ ನೀರು ಗದ್ದೆಗೆ ಇಳಿಯುತ್ತದೆ. ಆ ಸ್ವಿಚ್‌ನಲ್ಲಿ ಕಾರ್ಡ್ ಕೂರುವ ಜಾಗ ಯುಎಚ್‌ಎಸ್-1 ಎಂಬ ಬಗೆಯದು. ಆ ಬಗೆಯ ದಾರಿಯಲ್ಲಿ ಸೆಕೆಂಡಿಗೆ 104 ಮೆಗಾಬೈಟ್‌ಗಿಂತ ಹೆಚ್ಚು ಸಾಗಲು ಅವಕಾಶವೇ ಇಲ್ಲ. ನಿಂಟೆಂಡೊ ಸಂಸ್ಥೆಯೂ ಓದುವ ವೇಗ 60ರಿಂದ 95 ಮೆಗಾಬೈಟ್ ಇರುವ ಕಾರ್ಡನ್ನೇ ಸೂಚಿಸುತ್ತದೆ. 170 ಎಂದು ಮುದ್ರಿಸುವ ಕಾರ್ಡ್‌ಗಳು ಆ ವೇಗವನ್ನು ತಲುಪುವುದು ತಯಾರಕರು ತಮ್ಮದೇ ವಿಧಾನದಲ್ಲಿ ರೂಪಿಸಿದ ಕಾರ್ಡ್ ರೀಡರ್‌ಗೆ ಹಾಕಿದಾಗ. ಸಾಮಾನ್ಯ ಸಾಧನದಲ್ಲಿ ಅವೂ ನೂರರ ಆಸುಪಾಸಿಗೇ ಇಳಿಯುತ್ತವೆ.

ಇನ್ನೊಂದು ಮಾತನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಹೊದಿಕೆಯ ಮೇಲಿನ ಆ ದೊಡ್ಡ ಸಂಖ್ಯೆ ಬಹುತೇಕ ಓದುವ ವೇಗವೇ ಹೊರತು ಬರೆಯುವ ವೇಗವಲ್ಲ, ಅದೂ 'ಗರಿಷ್ಠ' ಎಂಬ ಸಣ್ಣಕ್ಷರದ ಆಸರೆಯಲ್ಲಿ ನಿಂತಿರುತ್ತದೆ. ಆಟಕ್ಕೆ ಮುಖ್ಯವಾಗಿ ಬೇಕಾದದ್ದು ಓದುವ ವೇಗವೇ ಆದ್ದರಿಂದ ನಿಮ್ಮ ಮಟ್ಟಿಗೆ ಇದರಿಂದ ನಷ್ಟವಿಲ್ಲ. ಬರೆಯುವ ಕೆಲಸ ನಡೆಯುವುದು ಆಟವನ್ನು ಇಳಿಸಿಕೊಳ್ಳುವಾಗ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಮನೆಯ ಇಂಟರ್ನೆಟ್ 40 ಮೆಗಾಬಿಟ್‌ನದಾದರೆ ಸೆಕೆಂಡಿಗೆ ಬರುವುದೇ 5 ಮೆಗಾಬೈಟ್, ಅದನ್ನು ಬರೆದುಕೊಳ್ಳಲು ಯಾವ ಕಾರ್ಡೂ ಏದುಸಿರು ಬಿಡಬೇಕಾಗಿಲ್ಲ. ಉಳಿದ ಹಣವನ್ನು 256 ಜಿಬಿಯ ಕಾರ್ಡಿಗೆ ಹಾಕುವುದು ಮೇಲು. ಆಟದಲ್ಲಿ ಮಗ ಎಲ್ಲಿಯವರೆಗೆ ಬಂದಿದ್ದಾನೆ ಎಂಬ ದಾಖಲೆ ಸ್ವಿಚ್‌ನ ಒಳಗೇ ಉಳಿಯುತ್ತದೆ, ಕಾರ್ಡಿನಲ್ಲಲ್ಲ. ಕಾರ್ಡ್ ಕೆಟ್ಟರೂ ಅವನ ಶ್ರಮ ಕೆಡುವುದಿಲ್ಲ.

ಮುಂದೆ 2025ರಲ್ಲಿ ಬಂದ ಸ್ವಿಚ್ 2 ಕೊಳ್ಳುವ ಯೋಚನೆಯಿದ್ದರೆ, ಈ ಕಾರ್ಡ್ ಅಲ್ಲಿ ಆಟಗಳಿಗೆ ಒದಗುವುದಿಲ್ಲ. ಅದಕ್ಕೆ ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಬೇರೆ ಬಗೆಯದೇ ಆಗಬೇಕು. ಎಕ್ಸ್‌ಪ್ರೆಸ್ ಕಾರ್ಡನ್ನು ತಿರುಗಿಸಿ ನೋಡಿದರೆ ಚಿನ್ನದ ಬಣ್ಣದ ಪಟ್ಟಿಗಳು ಎರಡು ಸಾಲಿನಲ್ಲಿರುತ್ತವೆ. ನಿಮಗೆ ತೋರಿಸಿದ ಕಾರ್ಡ್‌ಗಳಲ್ಲಿ ಒಂದೇ ಸಾಲು.

ಪ್ರಶ್ನೆ: ಬನ್ನಿಮಂಟಪದಲ್ಲಿ ಪಂಜಿನ ಕವಾಯತನ್ನು ಕೈಯಲ್ಲಿ ಹಿಡಿಯುವ ಪುಟ್ಟ ಕ್ಯಾಮೆರಾದಲ್ಲಿ 4ಕೆ ಗುಣಮಟ್ಟದಲ್ಲಿ ಚಿತ್ರೀಕರಿಸುತ್ತಿದ್ದೆ. ಆಗಾಗ ಕಾರ್ಡ್ ನಿಧಾನವೆಂಬ ಸೂಚನೆ ಬಂದು ಚಿತ್ರೀಕರಣ ನಿಂತುಹೋಯಿತು. ನನ್ನದು 'ಕ್ಲಾಸ್ 10' ಕಾರ್ಡ್, ಹತ್ತೇ ಅತಿ ಮೇಲಿನ ದರ್ಜೆ ಎಂದು ತಿಳಿದಿದ್ದೆ.
— ಮೈಸೂರಿನ ಓದುಗರೊಬ್ಬರು

ಉತ್ತರ: ಒಂದು ಕಾಲಕ್ಕೆ ಅದೇ ಮೇಲಿನ ದರ್ಜೆಯಾಗಿತ್ತು. ಇಲ್ಲಿ ಮೇಲಿನ ಉತ್ತರವನ್ನು ತಿರುವಿ ಓದಬೇಕು, ಏಕೆಂದರೆ ಕ್ಯಾಮೆರಾ ಮಾಡುವುದು ಬರೆಯುವ ಕೆಲಸ, ಅದೂ ಉಸಿರು ಬಿಡದೆ. ಇಂಗ್ಲಿಷಿನ ಸಿ ಅಕ್ಷರದೊಳಗಿನ 10 ಎಂದರೆ ಒಂದೇ ಸಮನೆ ಬರೆಯುವಾಗ ಸೆಕೆಂಡಿಗೆ 10 ಮೆಗಾಬೈಟ್‌ಗಿಂತ ಕೆಳಗಿಳಿಯದೆ ಬರೆಯುತ್ತೇನೆಂಬ ಭರವಸೆ. ನಿಮ್ಮ ಕ್ಯಾಮೆರಾ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸುತ್ತಿದ್ದರೆ, ಎಂಟರಿಂದ ಭಾಗಿಸಿ ನೋಡಿ, ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಬಂದು ಬೀಳುತ್ತದೆ. ಮಿಕ್ಕಿದ್ದು ಕ್ಯಾಮೆರಾದೊಳಗಿನ ತಾತ್ಕಾಲಿಕ ಸ್ಮೃತಿಯಲ್ಲಿ ಗುಡ್ಡೆಯಾಗಿ, ಅದು ತುಂಬಿದ ಗಳಿಗೆಯಲ್ಲೇ ಚಿತ್ರೀಕರಣ ನಿಲ್ಲುತ್ತದೆ. ಯು ಅಕ್ಷರದೊಳಗೆ 3 ಅಥವಾ ವಿ30 ಎಂಬ ಗುರುತಿರುವ ಕಾರ್ಡ್ ತೆಗೆದುಕೊಳ್ಳಿ. ಎರಡೂ ಕನಿಷ್ಠ 30 ಮೆಗಾಬೈಟ್‌ನ ಭರವಸೆಯನ್ನೇ ಕೊಡುತ್ತವೆ. ವಿ60, ವಿ90 ಎಂಬವು ವೃತ್ತಿಪರರ ದೊಡ್ಡ ಕ್ಯಾಮೆರಾಗಳಿಗೆ. ಈ ದರದಲ್ಲಿ ಒಂದು ಗಂಟೆಗೆ 45 ಜಿಬಿ ಬೇಕಾಗುವುದರಿಂದ 128 ಜಿಬಿಗಿಂತ ಚಿಕ್ಕದು ಬೇಡ. ಹೊರಡುವ ಮುನ್ನ ಹಳೆಯದನ್ನು ಬೇರೆಡೆಗೆ ನಕಲಿಸಿಕೊಂಡು ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಪ್ರಶ್ನೆ: 128 ಜಿಬಿ ಎಂದು ಕೊಂಡ ಕಾರ್ಡ್ ಕಂಪ್ಯೂಟರಿನಲ್ಲಿ 119 ಎಂದು ತೋರಿಸುತ್ತಿದೆ. ಇದು ಮೋಸವೇ?
— ಶ್ರೀರಂಗಪಟ್ಟಣದ ಓದುಗರೊಬ್ಬರು

ಉತ್ತರ: ಅಲ್ಲ. ತಯಾರಕರು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಎಣಿಸಿದರೆ, ವಿಂಡೋಸ್ 1024ರ ಗುಣಕದಲ್ಲಿ ಎಣಿಸುತ್ತದೆ. ಜಾಗ ಒಂದೇ, ಅಳೆಯುವ ಸೇರು ಬೇರೆ. ನಿಜವಾದ ಮೋಸದ ಕಾರ್ಡ್ ಇದಕ್ಕೆ ತದ್ವಿರುದ್ಧವಾಗಿ, ತನ್ನಲ್ಲಿ ಇಲ್ಲದ ಜಾಗವನ್ನೂ ಇದೆಯೆಂದೇ ತೋರಿಸುತ್ತದೆ. ಹಿಂದೊಮ್ಮೆ ಪಾದಚಾರಿ ಮಾರ್ಗದ ಮಳಿಗೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ನಾನೇ ಅಂಥದೊಂದನ್ನು ತಂದು, ಒಂದು ಮದುವೆಯ ಧಾರೆಯ ನಂತರದ ಚಿತ್ರಗಳನ್ನೆಲ್ಲ ಬೂದು ಬಣ್ಣದ ಚೌಕಗಳಾಗಿ ನೋಡಿದವನು. ಹೊಸ ಕಾರ್ಡ್ ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ. ನಿಜವಾದ ಜಾಗವೂ ಬರೆಯುವ ವೇಗವೂ ಒಟ್ಟಿಗೆ ತಿಳಿಯುತ್ತವೆ. ದೊಡ್ಡ ಕಾರ್ಡಿಗೆ ಗಂಟೆಗಟ್ಟಲೆ ಹಿಡಿಯಬಹುದು, ರಾತ್ರಿ ಹಾಕಿ ಮಲಗಿ.