ಸಂಶೋಧನೆ ಮತ್ತು ವಿನ್ಯಾಸ ವಿಭಾಗದ ಹಿರಿಯ ಎಲೆಕ್ಟ್ರಿಕಲ್ ಎಂಜಿನಿಯರ್ ದಿನವಿಡೀ ಮಾಡುವುದೇನು?

ನಾಲ್ಕು ವರ್ಷ ಟೆಸ್ಟಿಂಗ್‌ನಲ್ಲಿ ಕಳೆದಿದ್ದೀರಿ, ವಿನ್ಯಾಸಕ್ಕೆ ಬರುವ ಆಸೆಯಿದೆ, ಆ ನಾಲ್ಕು ವರ್ಷ ವ್ಯರ್ಥವಾಯಿತೇ ಎಂದು ಕೇಳಿದ್ದೀರಿ. ಪವರ್ ಸಪ್ಲೈ ವಿನ್ಯಾಸದಲ್ಲಿ ಹತ್ತೊಂಬತ್ತು ವರ್ಷ ಸವೆಸಿದವನಾಗಿ ಹೇಳುತ್ತೇನೆ: ಖಂಡಿತ ಇಲ್ಲ.

ಹೊಸ ಸರ್ಕ್ಯೂಟ್ ಬರೆಯಲು ನನಗೆ ವಾರದಲ್ಲಿ ಒಂದು ದಿನ ಸಿಕ್ಕರೆ ಪುಣ್ಯ. ಮಿಕ್ಕಂತೆ ಡೇಟಾಶೀಟ್ (ಬಿಡಿಭಾಗದ ಗುಣಗಳನ್ನು ತಯಾರಕರೇ ಬರೆದುಕೊಡುವ ಹಾಳೆಗಳು) ಓದುತ್ತೇನೆ, ಕಿರಿಯರ ವಿನ್ಯಾಸ ಪರಿಶೀಲಿಸುತ್ತೇನೆ, ತಯಾರಿಕೆ ನಿಂತುಹೋದ ಬಿಡಿಭಾಗಗಳಿಗೆ ಬದಲಿ ಹುಡುಕುತ್ತೇನೆ, ಕೈಕೊಟ್ಟ ಬೋರ್ಡ್‌ಗಳ ಮುಂದೆ ಕೂರುತ್ತೇನೆ. ನನಗೆ ಕೆಲಸ ಕಲಿಸಿದ್ದು ಈ ಕೊನೆಯದೇ.

ಆರನೆಯ ವರ್ಷದಲ್ಲಿ ನಾನು ವಿನ್ಯಾಸ ಮಾಡಿದ್ದ ಒಂದು ಬೋರ್ಡ್, ಮೋಟಾರ್ ಚಾಲೂ ಆದ ಕ್ಷಣವೇ ರೀಸೆಟ್ ಆಗುತ್ತಿತ್ತು. ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಹಚ್ಚಿದರೆ 5 ವೋಲ್ಟ್ ಲೈನಿನ ತುಂಬ ಕಂಪನ. ಎರಡು ದಿನ ಅದರ ಬೆನ್ನು ಹತ್ತಿದೆ. ಕೊನೆಗೆ ನೋಡಿದರೆ ಆ ಕಂಪನ ಬೋರ್ಡಿನದೇ ಅಲ್ಲ, ಅಳೆಯಲು ಬೋರ್ಡಿಗೆ ತಾಗಿಸುವ ಪ್ರೋಬ್‌ನ ಉದ್ದನೆಯ ಗ್ರೌಂಡ್ ತಂತಿಯದು! ತಂತಿ ಕಳಚಿ, ಪ್ರೋಬ್ ತುದಿಗೆ ಪುಟ್ಟ ಸ್ಪ್ರಿಂಗ್ ಸಿಕ್ಕಿಸಿದ ಮೇಲೆ ನಿಜವಾದ ರೋಗ ಕಂಡಿತು. ಮೋಟಾರ್ ಎದ್ದಾಗ ವೋಲ್ಟೇಜ್ ಒಮ್ಮೆಲೇ 4.1ಕ್ಕೆ ಕುಸಿಯುತ್ತಿತ್ತು. ವಿದ್ಯುತ್ ಕೂಡಿಟ್ಟು ಇಂಥ ಕುಸಿತ ತಡೆಯಲೆಂದು ಅಲ್ಲಿದ್ದ 22 ಮೈಕ್ರೋಫ್ಯಾರಡ್‌ನ ಎರಡು ಸೆರಾಮಿಕ್ ಕೆಪಾಸಿಟರ್‌ಗಳು ನನ್ನ ಲೆಕ್ಕದಂತೆ ಧಾರಾಳವಾಗಿ ಸಾಕಿತ್ತು. ಒಂದನ್ನು ಕಿತ್ತು ಮೀಟರಿಗೆ ಹಿಡಿದರೆ 21 ತೋರಿಸಿತು. ಅದೇ ಕೆಪಾಸಿಟರ್‌ಗೆ 5 ವೋಲ್ಟ್ ಡಿಸಿ ಕೊಟ್ಟು ಅಳೆದರೆ 9! ಡಿಸಿ ವೋಲ್ಟೇಜ್ ಏರಿದಂತೆ ಈ ಜಾತಿಯ ಸೆರಾಮಿಕ್‌ನ ಧಾರಣಶಕ್ತಿ ಇಳಿಯುತ್ತದೆ, ಗಾತ್ರ ಚಿಕ್ಕದಾದಷ್ಟೂ ಹೆಚ್ಚು. ಜಾಗ ಉಳಿಸಲೆಂದು 6.3 ವೋಲ್ಟ್‌ವರೆಗೆ ತಾಳುವ ಚಿಕ್ಕದನ್ನು ಆರಿಸಿದವನು ನಾನೇ. ತಯಾರಕರು ಡೇಟಾಶೀಟ್‌ನಲ್ಲಿ ಈ ಇಳಿಕೆಯ ಗ್ರಾಫ್ ಕೊಟ್ಟೇ ಇದ್ದರು, ನಾನು ಮೊದಲ ಪುಟ ಓದಿ ಮುಚ್ಚಿಟ್ಟಿದ್ದೆ.

ಅಂದಿನಿಂದ ವಿನ್ಯಾಸ ಪರಿಶೀಲನೆಯಲ್ಲಿ ನಾನು ಸ್ವಲ್ಪ ತಲೆನೋವಿನ ಮನುಷ್ಯ. ಮೊನ್ನೆ ಒಬ್ಬರು ಬಿಸಿಯಾಗುವ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇಟ್ಟಿದ್ದರು. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವಂಥದ್ದು. ಉಷ್ಣತೆ 10 ಡಿಗ್ರಿ ಇಳಿದರೆ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರೂಢಿಯ ಲೆಕ್ಕ. ಆ ಜಾಗದಲ್ಲಿ 85 ಡಿಗ್ರಿ ಇತ್ತು, ಅಂದರೆ 8,000 ಗಂಟೆ. ಹಗಲುರಾತ್ರಿ ನಡೆಯುವ ಯಂತ್ರಕ್ಕೆ ಅದು ಒಂದು ವರ್ಷಕ್ಕೂ ಸಾಲದು. ಗ್ರಾಹಕರಿಗೆ ಎರಡು ವರ್ಷದ ವಾರಂಟಿ ಬರೆದುಕೊಟ್ಟಾಗಿತ್ತು.

ಟೆಸ್ಟಿಂಗ್‌ನವರು ಇಂಥ ಸಾವುಗಳನ್ನು ದಿನವೂ ನೋಡುತ್ತಾರೆ, ಹಾಗಾಗಿ ನೀವು ಬರಿಗೈಯಲ್ಲಿ ಬರುತ್ತಿಲ್ಲ. ಸಂದರ್ಶನಕ್ಕೆ ಹೋಗುವ ಮುನ್ನ, ನೀವೇ ಮೂಲ ಹಿಡಿದ ಎರಡು ದೋಷಗಳನ್ನು ಅಳತೆಗಳ ಸಮೇತ ಬರೆದಿಟ್ಟುಕೊಳ್ಳಿ. ನಾನು ಅಭ್ಯರ್ಥಿಗಳನ್ನು ಮೊದಲು ಕೇಳುವುದು ಅದನ್ನೇ. ಪ್ರೋಬ್ ಎಲ್ಲಿ ಹಿಡಿದಿರಿ ಎಂದೂ ಕೇಳುತ್ತೇನೆ.