ಟ್ರಾನ್ಸ್‌ಫಾರ್ಮರ್‌ಗೆ ಚಂಚಲ ಮನಸ್ಸು ಇರಲ್ಲ

‘ಇನ್‌ಕನ್ಸಿಸ್ಟೆಂಟ್’ (ಒಂದೇ ರೀತಿ ಇರದ, ತಾಳೆಯಾಗದ) ಅನ್ನುವುದಕ್ಕೆ ಇಂಗ್ಲಿಷಿನ ಇನ್ನೊಂದು ಪದ ಕೊಡಿ, ಇನ್ನೂ ಚೆನ್ನಾಗಿರುವ ಪದ ಕೊಡಿ ಎಂದು ಪತ್ರಗಳು ಬರುತ್ತಲೇ ಇವೆ. ಉತ್ತರಿಸಿ ಸಾಕಾಗಿದೆ. ಈ ವಾರ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಅಡಿಕೆ ತೋಟದ ಪಂಪ್‌ಸೆಟ್‌ಗೆ ಕರೆಂಟ್ ನೆಟ್ಟಗೆ ಬರುತ್ತಿಲ್ಲ. ‘ಪವರ್ ಸಪ್ಲೈ ಈಸ್ ಇನ್‌ಕನ್ಸಿಸ್ಟೆಂಟ್’ ಎಂದು ದೂರು ಬರೆದೆ. ಮಗ ಮೊಬೈಲಿನಲ್ಲಿ ನೋಡಿ ‘ಫಿಕಲ್’ ಅಂತ ಹಾಕಿ ಅಪ್ಪಾ, ಗಟ್ಟಿಯಾಗಿರುತ್ತೆ ಅಂದ. ಯಾವುದು ಸರಿ?
– ಓದುಗರು, ತೀರ್ಥಹಳ್ಳಿ

ಮಗನಿಗೆ ಮೊಬೈಲ್ ಕೆಳಗಿಡಲು ಹೇಳಿ. ನಿನ್ನೆ ಒಂದು ಕಡೆ, ಇವತ್ತು ಇನ್ನೊಂದು ಕಡೆ ವಾಲುವ ಮತದಾರರು, ಕ್ರಿಕೆಟ್ ಅಭಿಮಾನಿಗಳು ಫಿಕಲ್. ಹವಾಮಾನಕ್ಕೂ ಅದೃಷ್ಟಕ್ಕೂ ಈ ಪದ ಹೇಳುವುದುಂಟು, ಅವಕ್ಕೂ ಮನಸ್ಸಿದೆ ಅನ್ನುವ ಹಾಗೆ. ಟ್ರಾನ್ಸ್‌ಫಾರ್ಮರ್ ಮೇಲೆ ಆ ಆರೋಪ ಬೇಡ.

ನಿಮ್ಮ ‘ಇನ್‌ಕನ್ಸಿಸ್ಟೆಂಟ್’ ತಪ್ಪಲ್ಲ. ಆದರೆ ಓದಿದ ಇಂಜಿನಿಯರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ತೊಂದರೆ ಏನು ಅಂತ ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ಬಂದು ಬಂದು ಹೋಗುತ್ತಿದೆಯಾ? ಅದು ಇಂಟರ್‌ಮಿಟೆಂಟ್. ಲೂಸ್ ಕನೆಕ್ಷನ್ನಿನ ತಂಟೆಯನ್ನು ಇಂಜಿನಿಯರುಗಳೇ ‘ಇಂಟರ್‌ಮಿಟೆಂಟ್ ಫಾಲ್ಟ್’ ಅನ್ನುತ್ತಾರೆ. ಇವತ್ತು ನಡುರಾತ್ರಿ, ನಾಳೆ ಮಟಮಟ ಮಧ್ಯಾಹ್ನ, ಹೊತ್ತುಗೊತ್ತಿಲ್ಲದೆ ಬರುತ್ತಿದೆಯಾ? ಅದು ಎರಾಟಿಕ್. ಅಲೆದಾಡು ಎನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಕರೆಂಟ್ ಇದ್ದೂ ಬಲ್ಬ್ ಒಮ್ಮೆ ಮಂಕಾಗಿ ಒಮ್ಮೆ ಜೋರಾಗಿ ಉರಿಯುತ್ತಿದ್ದರೆ ವೋಲ್ಟೇಜ್ ಫ್ಲಕ್ಚುಯೇಟ್ ಆಗುತ್ತಿದೆ. ಇದಕ್ಕೆ ಬೇರೆ ಪದ ಹುಡುಕಲೇಬೇಡಿ, ಮೊದಲು ಮೋಟಾರ್ ಆಫ್ ಮಾಡಿ.

‘ಸ್ಪೊರಾಡಿಕ್’ ಕೂಡ ಇದೆ. ಅದರ ಹತ್ತಿರ ಸುಳಿಯಬೇಡಿ. ಅಲ್ಲೊಮ್ಮೆ ಇಲ್ಲೊಮ್ಮೆ ಆಗುವಂಥದ್ದು ಅಂತ ಅರ್ಥ. ‘ಸ್ಪೊರಾಡಿಕ್ ಪವರ್ ಕಟ್’ ಎಂದು ಬರೆದರೆ ಕರೆಂಟ್ ಹೋಗುವುದು ಅಪರೂಪ ಎಂದು ನೀವೇ ಒಪ್ಪಿಕೊಟ್ಟಂತಾಯಿತು. ದೂರು ಅಲ್ಲಿಗೇ ಸತ್ತಿತು.

ಇನ್‌ಕನ್ಸಿಸ್ಟೆಂಟ್ ಬೇಕೇ ಬೇಕು ಅನ್ನಿಸಿದರೆ ಮುಂದೆ ‘ವಿತ್’ ಸೇರಿಸಿ. ತ್ರೀ ಫೇಸ್ ಕೊಡುತ್ತೇವೆ ಎಂದು ಹೇಳಿದ ಹೊತ್ತು ಒಂದು, ಕೊಟ್ಟ ಹೊತ್ತು ಇನ್ನೊಂದು ಆಗಿದ್ದರೆ ‘ಇನ್‌ಕನ್ಸಿಸ್ಟೆಂಟ್ ವಿತ್ ದ ಶೆಡ್ಯೂಲ್’. ಆಗ ಅದಕ್ಕೊಂದು ಹಿಡಿತ ಸಿಗುತ್ತದೆ, ಯಾವುದು ಯಾವುದಕ್ಕೆ ತಾಳೆಯಾಗುತ್ತಿಲ್ಲ ಅಂತ ತೋರಿಸಬಹುದು. ನಾನಾದರೆ ಪದವನ್ನಷ್ಟೇ ನಂಬಿ ಕೂರುವುದಿಲ್ಲ. ತಾರೀಖು, ಹೋದ ಹೊತ್ತು, ಬಂದ ಹೊತ್ತು ಬರೆದು ಜೊತೆಗಿಡುತ್ತೇನೆ.

ಅಂದಹಾಗೆ, 1963ರ ಕಾಯ್ದೆಯಿಂದ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಈ ದೂರನ್ನು ಇಂಗ್ಲಿಷಿನಲ್ಲೇ ಬರೆಯಬೇಕು ಅಂತ ನಿಮಗೆ ಹೇಳಿದವರು ಯಾರು?

ಪ್ರಶ್ನೆ: ಪಹಣಿಯಲ್ಲಿ ಒಂದು ವಿಸ್ತೀರ್ಣ, ಸರ್ವೆ ನಕ್ಷೆಯಲ್ಲಿ ಇನ್ನೊಂದು. ‘ಕಾಂಟ್ರಡಿಕ್ಷನ್’ ಅನ್ನಬಹುದೇ? – ಹೊಸನಗರ

ಡಿಸ್ಕ್ರೆಪನ್ಸಿ ಅನ್ನಿ. ಎರಡು ದಾಖಲೆಯ ಲೆಕ್ಕ ಕೂಡದಿದ್ದರೆ ಅದೇ ಪದ. ಕಾಂಟ್ರಡಿಕ್ಷನ್ ಅಂದರೆ ಮಾತಿಗೆ ಮಾತು ಎದುರು ನಿಲ್ಲುವುದು. ಸರ್ವೆಯವರ ಜೊತೆ ಜಗಳ ತೆಗೆದಂತೆ ಕೇಳುತ್ತದೆ.

ಪ್ರಶ್ನೆ: ಜೋಗದ ನೀರು ಇನ್‌ಕನ್ಸಿಸ್ಟೆಂಟ್ ಎಂದು ನಮ್ಮ ಹೋಮ್‌ಸ್ಟೇ ಜಾಹೀರಾತಿನಲ್ಲಿ ಹಾಕಿದ್ದೇವೆ. ಸರಿಯೇ? – ಸಾಗರ

ಸರಿಯಲ್ಲ, ವ್ಯಾಪಾರಕ್ಕೂ ಒಳ್ಳೆಯದಲ್ಲ. ಮಳೆಗಾಲದಲ್ಲಿ ಭೋರ್ಗರೆದು ಬೇಸಿಗೆಯಲ್ಲಿ ಸೊರಗುವುದು ಸೀಸನಲ್. ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಇರುವುದರಿಂದ ಎಷ್ಟು ನೀರು ಬಿಡುತ್ತಾರೆ ಅನ್ನುವುದೂ ಸೇರುತ್ತದೆ. ‘ಫ್ಲೋ ವೇರೀಸ್’ ಎಂದು ಬರೆದು, ನೋಡಲು ಒಳ್ಳೆಯ ತಿಂಗಳು ಯಾವುದು ಅಂತ ಹೇಳಿಬಿಡಿ.

ಪ್ರಶ್ನೆ: ‘ರಾಶಿ’ ಅಡಿಕೆ ದರಕ್ಕೆ? – ಭದ್ರಾವತಿ

ವೊಲಟೈಲ್. ದಿಢೀರನೆ ಏರಿ ದಿಢೀರನೆ ಇಳಿಯುವಂಥದ್ದು.

ಪ್ರಶ್ನೆ: ‘ದಿನಕ್ಕೆ 50 ಸಮಾನಾರ್ಥಕ ಪದ’ ಕಲಿಸುವ ಆನ್‌ಲೈನ್ ಕೋರ್ಸ್ ಸೇರಬಹುದೇ? – ಶಿವಮೊಗ್ಗ

ದುಡ್ಡು ಜಾಸ್ತಿ ಇದ್ದರೆ ಸೇರಿ. ಒಂದೇ ಸಾಲಿನಲ್ಲಿ ಪದ ಜೋಡಿಸಿ ‘ಎಲ್ಲಾ ಒಂದೇ’ ಅನ್ನುವವರು ಕಲಿಸುವುದು ಇಂಗ್ಲಿಷ್ ಅಲ್ಲ, ಬಾಯಿಪಾಠ. ತೀರ್ಥಹಳ್ಳಿಯ ಹುಡುಗನಿಗೆ ‘ಫಿಕಲ್’ ಸಿಕ್ಕಿದ್ದೂ ಅಂಥದ್ದೇ ಪಟ್ಟಿಯಲ್ಲಿ ಇರಬೇಕು. ಪದ ಸಿಕ್ಕರೆ ವಾಕ್ಯದ ಸಮೇತ ಬರೆದಿಟ್ಟುಕೊಳ್ಳಿ. ದಿನಕ್ಕೆ ಒಂದು ಸಾಕು.

ಪ್ರಶ್ನೆ: ಇನ್‌ಕನ್ಸಿಸ್ಟೆಂಟ್ ಸ್ಪೆಲ್ಲಿಂಗ್ ಕೊನೆಯಲ್ಲಿ ‘ಎ’ಯೋ (a) ‘ಇ’ಯೋ (e)? – ಸೊರಬ

‘ಇ’. ನಿಘಂಟು ಇರುವುದು ಇದಕ್ಕೇ.

ಪ್ರಶ್ನೆ: ನಮ್ಮವರು ಹೇಳುವುದೊಂದು, ಮಾಡುವುದೊಂದು. ಇನ್‌ಕನ್ಸಿಸ್ಟೆಂಟೋ, ಹಿಪೊಕ್ರಿಟ್ಟೋ? – ಹೆಸರು ಬೇಡ, ಶಿಕಾರಿಪುರ

ಮರೆತು ಮಾಡಿದರೆ ಮೊದಲನೆಯದು. ನಿಮಗೆ ಬುದ್ಧಿ ಹೇಳಿ, ಬೇಕಂತಲೇ ತಾವು ಬೇರೆ ಮಾಡಿದರೆ ಎರಡನೆಯದು. ಮರೆತರೋ ಇಲ್ಲವೋ ನಿಮಗೇ ಗೊತ್ತಿರುತ್ತೆ ಅಲ್ವಾ?