ಸಂಪಾದಕರ ಉತ್ತರ: ಒಂಟಿ ಕೋಣೆಯ ಶಿಕ್ಷಕಿಗೆ ಸಂಘವೇಕೆ?

ಹಾವೇರಿ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು. ಅವರು ಈ ವರ್ಷ ಬಿ.ಎ. ಮುಗಿಸಿದ್ದಾರೆ, ತಾಯಿ ಇಪ್ಪತ್ತೆರಡು ವರ್ಷಗಳಿಂದ ಅಂಗನವಾಡಿ ಕಾರ್ಯಕರ್ತೆ. ತಾವೂ ಪುಟ್ಟ ಮಕ್ಕಳ ಶಿಕ್ಷಣದಲ್ಲೇ ಬದುಕು ಕಟ್ಟಿಕೊಳ್ಳಬೇಕೆಂಬ ಆಸೆ ಅವರದು. ಬಂಧುಗಳು ಮಾತ್ರ ‘ಹುಡುಗ್ರನ್ನ ಆಡ್ಸಾಕೂ ಕೋರ್ಸ್ ಮಾಡ್ಬೇಕೇನ?’ ಎನ್ನುತ್ತಾರೆ. ಯಾವ ತರಬೇತಿ ಒಳ್ಳೆಯದು, ಮುಂದೆ ಯಾವ ಹುದ್ದೆಗಳಿವೆ, ವಕೀಲರಿಗೆ, ವೈದ್ಯರಿಗೆ ಇರುವಂತೆ ಈ ವೃತ್ತಿಗೂ ಸಂಘಗಳಿವೆಯೇ ಎಂಬುದು ಅವರ ಪ್ರಶ್ನೆ.

ನಿಮ್ಮ ಬಂಧುಗಳ ಮಾತಿಗೆ ಮೊದಲು ಉತ್ತರಿಸುತ್ತೇನೆ. ಕೆಲವು ವರ್ಷಗಳ ಹಿಂದೆ ತಿ. ನರಸೀಪುರ ತಾಲ್ಲೂಕಿನ ಒಂದು ಅಂಗನವಾಡಿಯಲ್ಲಿ ಅರ್ಧ ದಿನ ಕುಳಿತಿದ್ದೆ. ಟೀಚರ್ ನೆಲದ ಮೇಲೆ ಹುಣಸೆ ಬೀಜಗಳ ಎರಡು ಸಾಲು ಜೋಡಿಸಿದ್ದರು: ಒಂದರಲ್ಲಿ ಐದು ಬೀಜ ದೂರ ದೂರ, ಇನ್ನೊಂದರಲ್ಲಿ ಏಳು ಬೀಜ ಒತ್ತೊತ್ತಾಗಿ. ಯಾವುದರಲ್ಲಿ ಹೆಚ್ಚಿದೆ ಎಂದು ಕೇಳಿದಾಗ ನಾಲ್ಕು ವರ್ಷದ ಹುಡುಗಿ ಉದ್ದದ ಸಾಲನ್ನು ತೋರಿಸಿದಳು. ಟೀಚರ್ ತಪ್ಪು ಎನ್ನಲಿಲ್ಲ. ಈ ಸಾಲಿನ ಒಂದೊಂದು ಬೀಜಕ್ಕೆ ಆ ಸಾಲಿನಿಂದ ಒಂದೊಂದು ಜೊತೆಗಾರನನ್ನು ಹುಡುಕಿ ಕೂರಿಸು ಎಂದರು. ಕೊನೆಗೆ ಎರಡು ಬೀಜಗಳು ಜೊತೆಯಿಲ್ಲದೆ ಉಳಿದವು. ಮಗು ಅವನ್ನೇ ನೋಡುತ್ತ ಬಹಳ ಹೊತ್ತು ಕುಳಿತಿತ್ತು. ‘ನಾಳೇನೂ ಇದೇ ಆಟ ಆಡುಸ್ತೀನಿ ಸಾರ್, ಒಂದಿನ ಅವಳೇ ಹೇಳ್ತಾಳೆ’ ಎಂದರು ಆಕೆ. ಮಗು ಏಕೆ ಉದ್ದವನ್ನೇ ಹೆಚ್ಚೆಂದು ಭಾವಿಸುತ್ತದೆ, ಎಲ್ಲಿ ಕಾಯಬೇಕು, ಎಲ್ಲಿ ಕೈ ಹಿಡಿಯಬೇಕು ಎಂಬುದು ಓದಿ, ನೋಡಿ, ಮಾಡಿ ಕಲಿಯುವ ವಿದ್ಯೆ. ಆ ವಿದ್ಯೆಯ ಹೆಸರೇ ಶಾಲಾಪೂರ್ವ ಶಿಕ್ಷಣ.

ಆ ತಾಲ್ಲೂಕನ್ನು ಹೆಸರಿಸಲು ಕಾರಣವಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದು ಕಾಲಿಟ್ಟದ್ದು ತಿ. ನರಸೀಪುರದಲ್ಲಿ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಮೊದಲಾದ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಚುಚ್ಚುಮದ್ದು, ತಪಾಸಣೆಗಳನ್ನು ಆರೋಗ್ಯ ಸಿಬ್ಬಂದಿ ಮಾಡಿದರೂ, ಆರನ್ನೂ ಮಕ್ಕಳಿಗೆ ತಲುಪಿಸಲು ಓಡಾಡುವ ಹೊಣೆ ಒಬ್ಬಳೇ ಕಾರ್ಯಕರ್ತೆಯ ಹೆಗಲ ಮೇಲಿದೆ. ಹುಣಸೆ ಬೀಜದ ಆಟ ಆಡಿಸಿದ ಅದೇ ಕೈ, ಅದೇ ಗಂಟೆಯಲ್ಲಿ, ಮಗುವಿನ ತೂಕವನ್ನು ಮೊಬೈಲಿನಲ್ಲಿ ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಏರಿಸಿದ್ದನ್ನೂ ಕಂಡೆ. ನಿಮ್ಮ ತಾಯಿಗೆ ಇದು ಹೊಸತಲ್ಲ.

ತರಬೇತಿಯ ವಿಚಾರ. ಆರು ತಿಂಗಳಲ್ಲಿ ಪ್ರಮಾಣಪತ್ರ, ಕೆಲಸ ಖಚಿತ ಎಂಬ ಜಾಹೀರಾತುಗಳಿಗೆ ಹಣ ಕಟ್ಟುವ ಮುನ್ನ, ಆ ಕೋರ್ಸಿಗೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡಿ. ಪರಿಷತ್ತಿನ ನಿಯಮದ ಶಾಲಾಪೂರ್ವ ಶಿಕ್ಷಣ ಡಿಪ್ಲೊಮಾ ಎರಡು ವರ್ಷದ್ದು. ಮನೆಯಲ್ಲಿದ್ದುಕೊಂಡೇ ಓದುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಡಿಪ್ಲೊಮಾ ಇದೆ. ಮಗು ಸಾಮಗ್ರಿಗಳನ್ನು ಕೈಯಾರೆ ಬಳಸಿ ತಾನೇ ಕಲಿಯುವ ಮಾಂಟೆಸ್ಸೋರಿ ಪದ್ಧತಿ ಹಿಡಿಸಿದರೆ ಬೆಂಗಳೂರಿನಲ್ಲೇ ಗಟ್ಟಿಯಾದ ತರಬೇತಿ ಸಿಗುತ್ತದೆ. ಆ ಪದ್ಧತಿಯನ್ನು ರೂಪಿಸಿದ ಇಟಲಿಯ ಮರಿಯಾ ಮಾಂಟೆಸ್ಸೋರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರನ್ನು ತರಬೇತುಗೊಳಿಸಿದ ಪರಂಪರೆ ದಕ್ಷಿಣದಲ್ಲಿ ಇನ್ನೂ ಜೀವಂತವಾಗಿದೆ. ಸ್ನಾತಕೋತ್ತರ ಓದಿಗೆ ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯವನ್ನೂ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವನ್ನೂ ವಿಚಾರಿಸಿ.

ಹುದ್ದೆಗಳ ಏಣಿ ಗಿಡ್ಡದು; ಅದನ್ನು ಮುಚ್ಚಿಡುವುದು ನಿಮಗೆ ಮಾಡುವ ಅನ್ಯಾಯ. ಕಾರ್ಯಕರ್ತೆಯಾಗಲು ಪಿ.ಯು.ಸಿ. ಮುಗಿಸಿರಬೇಕು, ಅದೇ ಊರಿನವರಾಗಿರಬೇಕು. ಕೇಂದ್ರ ಸರ್ಕಾರ 2018ರಲ್ಲಿ ನಿಗದಿಪಡಿಸಿದ ಮಾಸಿಕ ಗೌರವಧನ 4,500 ರೂಪಾಯಿ. ರಾಜ್ಯ ಅದಕ್ಕೆ ತನ್ನದನ್ನು ಸೇರಿಸುತ್ತದೆ. ಮೇಲ್ವಿಚಾರಕಿಯರ ಹುದ್ದೆಗಳಲ್ಲಿ ಒಂದು ಪಾಲು ಕಾರ್ಯಕರ್ತೆಯರಿಗೇ ಮೀಸಲು. ಅದರಾಚೆಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹುದ್ದೆಯಿದ್ದು, ಪದವೀಧರೆಯಾದ ನೀವು ಅದರ ಮೇಲೆ ಕಣ್ಣಿಡಬಹುದು. ಇಲಾಖೆಯ ಹೊರಗೆ ಖಾಸಗಿ ಶಾಲೆಗಳು, ಸ್ವಯಂಸೇವಾ ಸಂಸ್ಥೆಗಳು, ಶಿಶುಪಾಲನಾ ಕೇಂದ್ರಗಳು, ಪಠ್ಯ ಮತ್ತು ಆಟಿಕೆ ರೂಪಿಸುವ ಕೆಲಸಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ವಯಸ್ಸನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿದ ಮೇಲೆ ತರಬೇತಾದವರ ಅಗತ್ಯ ಹೆಚ್ಚಿದೆ.

ಸಂಘಗಳ ಬಗ್ಗೆ ತುಸು ವಿವರವಾಗಿ ಹೇಳಬೇಕು. ಈ ವೃತ್ತಿಯವರು ದಿನವಿಡೀ ಒಂದು ಕೋಣೆಯಲ್ಲಿ ಒಂಟಿ. ಪಕ್ಕದ ತರಗತಿಯಲ್ಲಿ ಹಿರಿಯ ಶಿಕ್ಷಕಿ ಇರುವುದಿಲ್ಲ, ಕೇಳಿ ತಿಳಿಯಲು ಸ್ಟಾಫ್ ರೂಮ್ ಇರುವುದಿಲ್ಲ. ಆದ್ದರಿಂದ ಬೇರೆಲ್ಲ ವೃತ್ತಿಗಳಿಗಿಂತ ಇಲ್ಲಿಯೇ ಸಂಘದ ಅಗತ್ಯ ಹೆಚ್ಚು. ನಮ್ಮ ದೇಶದಲ್ಲಿ ಶಿಶುಶಿಕ್ಷಣಕ್ಕೆ ದಾರಿ ತೋರಿದ ಗಿಜುಭಾಯಿ ಬಧೇಕಾ ಮತ್ತು ತಾರಾಬಾಯಿ ಮೋಡಕ್ ಇದನ್ನು ಬಹಳ ಹಿಂದೆಯೇ ಅರಿತು 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದರು. ತಾರಾಬಾಯಿಯವರೇ ಮುಂದೆ ಅನುತಾಯಿ ವಾಘ್ ಅವರೊಡನೆ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಡ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದರು. ‘ಅಂಗನವಾಡಿ’ ಎಂಬ ಹೆಸರು ಅಲ್ಲಿಂದ ಬಂದದ್ದು.

ಇಂದು ಸಂಘಗಳು ಎರಡು ಬಗೆಯವು. ಮೊದಲನೆಯದು ದುಡಿಮೆಯ ಹಕ್ಕಿನ ಸಂಘ. ಕರ್ನಾಟಕದ್ದೇ ಆದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ನಾಗರಿಕ ಹುದ್ದೆಯಲ್ಲ ಎಂದಿತು. ಗುಜರಾತಿನ ಕಾರ್ಯಕರ್ತೆಯರು ಬಿಡದೆ ಹೋರಾಡಿದ ಇನ್ನೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ 2022ರ ಏಪ್ರಿಲ್‌ನಲ್ಲಿ ಅವರು ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟಿಗೆ, ಅರ್ಹರು ಎಂದು ತೀರ್ಪಿತ್ತಿತು. ಇಂಥ ನ್ಯಾಯ ಒಬ್ಬೊಬ್ಬರೇ ಅರ್ಜಿ ಹಿಡಿದು ಅಲೆದರೆ ಸಿಗುವಂಥದ್ದಲ್ಲ. ಎರಡನೆಯದು ವಿದ್ಯೆಯ ಸಂಘ. 1948ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ, ಶಾಲಾಪೂರ್ವ ಶಿಕ್ಷಣದ ವಿಶ್ವಸಂಸ್ಥೆಯಾದ ಓಮೆಪ್ (OMEP), ನಮ್ಮ ದೇಶದ ಶಾಲಾಪೂರ್ವ ಶಿಕ್ಷಣ ಸಂಘ, ಮಾಂಟೆಸ್ಸೋರಿಯವರೇ 1929ರಲ್ಲಿ ಸ್ಥಾಪಿಸಿದ ಅಂತಾರಾಷ್ಟ್ರೀಯ ಸಂಘ ಈ ಬಗೆಯವು. ಪುಟ್ಟ ಮಕ್ಕಳ ಶಿಕ್ಷಣಕ್ಕಾಗಿ ಇರುವ ಅಮೆರಿಕದ ಎನ್.ಎ.ಇ.ವೈ.ಸಿ. ಸಂಘ 1989ರಲ್ಲಿ ತನ್ನ ಸದಸ್ಯರಿಗೆ ನೀತಿಸಂಹಿತೆಯನ್ನೇ ರೂಪಿಸಿತು. ಮಗುವಿಗೆ ಹಾನಿ ಮಾಡಬಾರದೆಂಬುದು ಅದರ ಮೊದಲ ತತ್ತ್ವ. ಮೂರು ವರ್ಷದ ಮಗುವಿಗೆ ಎರಡು ಪುಟ ಅ ಆ ಇ ಈ ತಿದ್ದಿಸಿ ಎಂದು ಪಾಲಕರು ಒತ್ತಾಯಿಸಿದಾಗ, ಆಗದು ಎನ್ನುವ ಶಿಕ್ಷಕಿಯ ಬೆನ್ನಿಗೆ ನಿಲ್ಲಬೇಕಾದದ್ದು ಇಂಥ ಸಂಹಿತೆ. ನನಗೆ ನೋವು ತರುವ ಸಂಗತಿಯೆಂದರೆ, ನಮ್ಮಲ್ಲಿ ಈ ಎರಡು ಬಗೆಯ ಸಂಘಗಳಿಗೆ ಪರಸ್ಪರ ಪರಿಚಯವೇ ಕಡಿಮೆ: ಧರಣಿ ಕುಳಿತವರಿಗೆ ವಿಚಾರಸಂಕಿರಣದ ಆಹ್ವಾನವಿಲ್ಲ, ವಿಚಾರಸಂಕಿರಣದವರು ಧರಣಿಯ ಕಡೆ ಸುಳಿಯುವುದಿಲ್ಲ. ನೀವು ಎರಡರಲ್ಲೂ ಸದಸ್ಯರಾಗಿ.

ಶುಲ್ಕ ಕಟ್ಟುವ ಮೊದಲು ಒಂದು ತಿಂಗಳು ತಾಯಿಯ ಅಂಗನವಾಡಿಯಲ್ಲಿ ಕುಳಿತು, ಒಂದೇ ಮಗುವನ್ನು ಆರಿಸಿಕೊಂಡು, ಅದು ದಿನವೂ ಏನು ಮಾಡಿತೆಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಸುತ್ತಲಿನ ಅಂಗನವಾಡಿಗಳ ಕಾರ್ಯಕರ್ತೆಯರು ಸೇರುವ ಅವರ ವೃತ್ತ ಸಭೆಗೂ ಒಮ್ಮೆ ಜೊತೆಗೆ ಹೋಗಿ ಬನ್ನಿ. ಹಾಗೆಯೇ, ಮೊದಲ ದಿನ ಅಳುತ್ತ ಬಂದ ಮಗುವನ್ನು ಈ ಇಪ್ಪತ್ತೆರಡು ವರ್ಷ ಹೇಗೆ ಸಮಾಧಾನಪಡಿಸಿದರೆಂದು ತಾಯಿಯವರಿಂದ ಕೇಳಿ ಬರೆದು ಕಳುಹಿಸಿ. ಅವರ ಹೆಸರಿನಲ್ಲೇ ಪ್ರಕಟಿಸುತ್ತೇವೆ.

— ಸಂಪಾದಕ